ಪಾಸ್‌ವರ್ಡ್ ಕೊಟ್ಟೋನು ಗ್ರಾಹಕ, ದುಡ್ಡು ಬಿಟ್ಟೋರು ಯಾರು? ತೂತ್ತುಕುಡಿ ಬ್ರಾಂಚಿನ ಈಮೇಲ್ ವಂಚನೆ ಕೇಸು

ಬ್ಯಾಂಕ್ ಹೆಸರಲ್ಲಿ ಬರೋ ಕಳ್ಳ ಈಮೇಲ್ ಬಗ್ಗೆ ಯಾರು ಕೇಳಿದ್ರೂ ನಾನು ಮೊದ್ಲು ಹೇಳೋದು ಈ ಒಂದು ಕೇಸನ್ನ. ಹಳೇದು ಹೌದು, 2007ರದ್ದು, ಆಗ ಯುಪಿಐ ಇರ್ಲಿಲ್ಲ, ನಮ್ಮಲ್ಲಿ ಬಹಳ ಜನಕ್ಕೆ ನೆಟ್ ಬ್ಯಾಂಕಿಂಗೇ ಹೊಸದು. ಆದ್ರೂ ಇದನ್ನೇ ಯಾಕೆ ಹಿಡ್ಕೊಂಡಿದೀನಿ ಅಂದ್ರೆ, ಮೇಲ್ ಬಂದಿದ್ದರಿಂದ ಹಿಡಿದು ದುಡ್ಡು ಎಲ್ಲಿ ಹೋಯ್ತು, ಯಾರು ತೆಗೆದ್ರು, ಬ್ಯಾಂಕ್ ಏನಂತು, ಸರ್ಕಾರದ ಅಧಿಕಾರಿ ಏನು ತೀರ್ಪು ಕೊಟ್ರು ಅನ್ನೋವರೆಗೂ ಎಲ್ಲಾ ದಾಖಲೆಯಲ್ಲಿದೆ. ಸಾಮಾನ್ಯವಾಗಿ ಇಂಥ ಸುದ್ದಿ "ಇಷ್ಟು ಲಕ್ಷ ಕಳ್ಕೊಂಡ" ಅನ್ನೋ ಹೆಡ್‌ಲೈನ್‌ಗೇ ಮುಗಿದುಹೋಗುತ್ತೆ, ಆಮೇಲೆ ಏನಾಯ್ತು ಅಂತ ಯಾರಿಗೂ ಗೊತ್ತಾಗಲ್ಲ.

ನಡೆದಿದ್ದು ಇಷ್ಟು. ಅಬುಧಾಬಿಯಲ್ಲಿ ಕೆಲಸ ಮಾಡ್ತಿದ್ದ ಒಬ್ಬ ತಮಿಳು ಎನ್ನಾರೈ, ತಮಿಳುನಾಡಿನ ತೂತ್ತುಕುಡಿಯ ಐಸಿಐಸಿಐ ಬ್ಯಾಂಕ್ ಬ್ರಾಂಚಲ್ಲಿ ಅಕೌಂಟ್ ಇಟ್ಟಿದ್ರು. (ಅವರ ಹೆಸರು ಇಲ್ಲಿ ಬೇಡ, ಅವರು ನಮ್ಮ ನಿಮ್ಮಂಥ ಒಬ್ಬ ಖಾಸಗಿ ಮನುಷ್ಯ.) 2007ರ ಸೆಪ್ಟೆಂಬರಲ್ಲಿ ಅವರಿಗೆ ಬ್ಯಾಂಕಿಂದ ಬಂದ ಹಾಗೇ ಕಾಣೋ ಒಂದು ಈಮೇಲ್ ಬಂತು. ನಿಮ್ಮ ಇಂಟರ್ನೆಟ್ ಬ್ಯಾಂಕಿಂಗ್ ಯೂಸರ್‌ನೇಮ್, ಪಾಸ್‌ವರ್ಡ್ ಅಪ್‌ಡೇಟ್ ಮಾಡಿ, ಮಾಡದೇ ಇದ್ರೆ ಅಕೌಂಟೇ ಇಲ್ಲದಂಗೆ ಆಗುತ್ತೆ ಅನ್ನೋದು ಅದರ ಸಾರಾಂಶ. ಬ್ಯಾಂಕಿಂದ ಬರೋ ಮಾಮೂಲಿ ಮೇಲ್ ಅಂದ್ಕೊಂಡು ಅವರು ಕೇಳಿದ್ದನ್ನ ಕೊಟ್ರು. ಆಮೇಲೆ ನೋಡಿದ್ರೆ ಅಕೌಂಟಿಂದ 6.46 ಲಕ್ಷ ರೂಪಾಯಿ ಬೇರೆ ಯಾವುದೋ ಒಂದು ಸಂಸ್ಥೆಯ ಅಕೌಂಟಿಗೆ ಹೋಗಿತ್ತು. ಆ ಅಕೌಂಟೂ ಅದೇ ಬ್ಯಾಂಕಿಂದೇ. ಆ ಸಂಸ್ಥೆಯವರು ಮುಂಬೈನ ಒಂದು ಬ್ರಾಂಚಲ್ಲಿ 4.6 ಲಕ್ಷ ತೆಗೆದ್ಕೊಂಡಿದ್ರು, ಉಳಿದಿದ್ದು ಅವರ ಅಕೌಂಟಲ್ಲೇ ಇತ್ತು.

ಈ ಭಾಗ ಓದಿದ ಕೂಡ್ಲೇ ಹೆಚ್ಚಿನೋರ ಬಾಯಲ್ಲಿ ಬರೋದು ಒಂದೇ ಮಾತು, "ಅಯ್ಯೋ, ಪಾಸ್‌ವರ್ಡ್ ಯಾಕೆ ಕೊಟ್ಟ?" ಬ್ಯಾಂಕ್ ಹೇಳಿದ್ದೂ ಅದನ್ನೇ. ಗ್ರಾಹಕ ಗುಟ್ಟಾಗಿ ಇಡಬೇಕಾಗಿದ್ದ ಪಾಸ್‌ವರ್ಡನ್ನ ಅಜಾಗರೂಕತೆಯಿಂದ ಬಿಟ್ಟುಕೊಟ್ಟಿದಾನೆ, ಹಾಗಾಗಿ ನಮ್ಮ ತಪ್ಪೇನಿಲ್ಲ ಅಂತ. ನನಗೆ ಈ ಪ್ರಶ್ನೆ ಮೇಲೇ ಸಿಟ್ಟು. ಯಾಕಂದ್ರೆ ಅದನ್ನ ಕೇಳಿದ ತಕ್ಷಣ ವಿಚಾರಣೆ ಅಲ್ಲಿಗೇ ನಿಂತುಬಿಡುತ್ತೆ, ಕಳ್ಕೊಂಡೋರು ನಾಚ್ಕೊಂಡು ಸುಮ್ನಾಗ್ತಾರೆ, ಮನೇಲೂ ಹೇಳಲ್ಲ ಪೊಲೀಸಿಗೂ ಹೇಳಲ್ಲ, ಅಷ್ಟೊತ್ತಿಗೆ ದುಡ್ಡು ಊರು ಬಿಟ್ಟು ಹೋಗಿರುತ್ತೆ. ಬರೀ ಪಾಸ್‌ವರ್ಡ್ ಗೊತ್ತಾದ್ರೆ ಕಳ್ಳನ ಕೈಗೆ ನೋಟು ಬರಲ್ಲ. ಅವನು ಲಾಗಿನ್ ಆಗ್ಬೇಕು, ಆ ಅಕೌಂಟಿಗೆ ಸಂಬಂಧವೇ ಇಲ್ಲದ ಬೇರೆ ಕಡೆಗೆ ಇಷ್ಟು ದೊಡ್ಡ ಮೊತ್ತ ಟ್ರಾನ್ಸ್‌ಫರ್ ಮಾಡ್ಬೇಕು, ಅದನ್ನ ತಗೊಳ್ಳೋಕೆ ಒಂದು ಅಕೌಂಟ್ ಮೊದಲೇ ತೆಗೆದು ಇಟ್ಟಿರ್ಬೇಕು, ಆಮೇಲೆ ಯಾರೋ ಒಬ್ಬ ಮನುಷ್ಯ ಅದನ್ನ ಹೊರಗೆ ತೆಗೀಬೇಕು. ಪಾಸ್‌ವರ್ಡ್ ಹೋಗಿದ್ದೊಂದು ಬಿಟ್ರೆ ಉಳಿದಿದ್ದೆಲ್ಲಾ ನಡೆದಿದ್ದು ಬ್ಯಾಂಕಿನ ಸಿಸ್ಟಮ್ ಒಳಗೆ, ಬ್ಯಾಂಕಿನ ಕಣ್ಣ ಮುಂದೆ.

ಈಗ ಆ ಮೇಲ್ ವಿಷಯ. 2007ರಲ್ಲಿ ಒಬ್ಬ ಸಾಮಾನ್ಯ ಗ್ರಾಹಕನಿಗೆ ಅದು ಕಳ್ಳ ಮೇಲ್ ಅಂತ ಕಂಡುಹಿಡಿಯೋಕೆ ಏನು ದಾರಿ ಇತ್ತು ಅಂತ ಸ್ವಲ್ಪ ಯೋಚ್ನೆ ಮಾಡಿ. ಈಮೇಲ್ ಅನ್ನೋ ವ್ಯವಸ್ಥೆ ಹುಟ್ಟಿದಾಗಿಂದ್ಲೂ ಅದರಲ್ಲಿ ಒಂದು ತೊಂದ್ರೆ ಇದೆ, "ಫ್ರಮ್" ಅಂತ ಇರೋ ಜಾಗದಲ್ಲಿ ಕಳಿಸೋನು ಏನು ಬೇಕಾದ್ರೂ ಬರೀಬಹುದು. ಪೋಸ್ಟ್ ಕವರ್ ಹಿಂದೆ ಯಾರ ವಿಳಾಸ ಬೇಕಾದ್ರೂ ಬರೆಯೋ ಥರಾನೇ ಇದು. ಕಳಿಸಿದ ಸರ್ವರ್ ನಿಜವಾಗ್ಲೂ ಆ ಬ್ಯಾಂಕಿಂದಾ ಅಂತ ಚೆಕ್ ಮಾಡೋಕೆ ಎಸ್‌ಪಿಎಫ್, ಡಿಕಿಮ್ ಅಂತೆಲ್ಲಾ ವ್ಯವಸ್ಥೆ ಆಗ ಇನ್ನೂ ಶುರುವಾಗ್ತಾ ಇತ್ತು, ಚೆಕ್‌ನಲ್ಲಿ ಫೇಲ್ ಆದ ಮೇಲನ್ನ ಏನು ಮಾಡ್ಬೇಕು ಅಂತ ಬ್ಯಾಂಕೇ ಹೇಳೋಕೆ ಅವಕಾಶ ಕೊಡೋ ಡಿಮಾರ್ಕ್ ಬಂದಿದ್ದು 2012ರಲ್ಲಿ. ಅಂದ್ರೆ ಆ ಮನುಷ್ಯನ ಇನ್‌ಬಾಕ್ಸಲ್ಲಿ ಬ್ಯಾಂಕಿನ ನಿಜವಾದ ಮೇಲ್‌ಗೂ ಈ ಮೇಲ್‌ಗೂ ನೋಡೋಕೆ ಏನೂ ವ್ಯತ್ಯಾಸ ಇರ್ಬೇಕು ಅಂತಿಲ್ಲ. ಬ್ಯಾಂಕ್ ತನ್ನ ಮೇಲ್‌ಗಳಿಗೆ ಡಿಜಿಟಲ್ ಸಹಿ ಹಾಕಿ ಕಳಿಸಿದ್ರೆ ಗ್ರಾಹಕನಿಗೆ ಅಸಲಿ ನಕಲಿ ಗೊತ್ತಾಗ್ತಿತ್ತಲ್ವಾ ಅನ್ನೋ ಪ್ರಶ್ನೆ ಅದಕ್ಕೇ ಈ ಕೇಸಲ್ಲಿ ತೂಕ ಪಡೀತು.

ಕೋರ್ಟಿಗೆ ಹೋಗದೇ ಹೋದ ದಾರಿ

ಆ ಎನ್ನಾರೈ ಕೈಕಟ್ಟಿ ಕೂರ್ಲಿಲ್ಲ. ಇಲ್ಲಿ ನಮಗೆ ಬೇಕಾದ ಒಂದು ಮಾಹಿತಿ ಇದೆ, ಲಾಯರ್‌ಗಳಲ್ಲೂ ಎಷ್ಟೋ ಜನ ಇದನ್ನ ಬಳಸಲ್ಲ. ಐಟಿ ಆಕ್ಟ್ 2000ರ ಸೆಕ್ಷನ್ 46ರ ಪ್ರಕಾರ ಪ್ರತಿ ರಾಜ್ಯದ ಐಟಿ ಕಾರ್ಯದರ್ಶಿಯೇ ಅಡ್ಜುಡಿಕೇಟಿಂಗ್ ಆಫೀಸರ್, ಅಂದ್ರೆ ನ್ಯಾಯ ನಿರ್ಣಯ ಅಧಿಕಾರಿ. ಯಾರದೋ ಕಂಪ್ಯೂಟರಿಗೆ, ಅಕೌಂಟಿಗೆ ಅನುಮತಿ ಇಲ್ಲದೆ ನುಗ್ಗಿ ನಷ್ಟ ಮಾಡಿದ್ರೆ ಸೆಕ್ಷನ್ 43ರ ಕೆಳಗೆ ಅವರ ಹತ್ರ ಪರಿಹಾರ ಕೇಳಬಹುದು, ಈಗ 5 ಕೋಟಿವರೆಗಿನ ಕ್ಲೈಮ್ ಅವರೇ ನೋಡ್ತಾರೆ. ಪೊಲೀಸ್ ಕೇಸು ಕಳ್ಳನನ್ನ ಹುಡುಕೋಕೆ, ಇದು ಕಳ್ಕೊಂಡ ದುಡ್ಡು ಕೇಳೋಕೆ. ಎರಡೂ ಬೇರೆ ಬೇರೆ.

2008ರಲ್ಲಿ ಅವರು ತಮಿಳುನಾಡಿನ ಐಟಿ ಕಾರ್ಯದರ್ಶಿ ಹತ್ರ ದೂರು ಹಾಕಿದ್ರು. ಅವರ ಪರವಾಗಿ ವಾದ ಕಟ್ಟಿದೋರು ನಮ್ಮ ಬೆಂಗಳೂರಿನ ಸೈಬರ್ ಕಾನೂನು ತಜ್ಞ ನಾ. ವಿಜಯಶಂಕರ್, ನಾವಿ ಅಂತಲೇ ಹೆಸರಾದವರು. ಕಳ್ಳ ಯಾರೇ ಇರ್ಲಿ, ಅವನಿಗೆ ಅನುಕೂಲ ಆಗಿದ್ದು ಬ್ಯಾಂಕಿನ ಸಡಿಲ ವ್ಯವಸ್ಥೆ, ಅದಕ್ಕೆ ಬ್ಯಾಂಕ್ ಉತ್ತರ ಕೊಡ್ಬೇಕು ಅನ್ನೋದು ವಾದ. ಅಷ್ಟರವರೆಗೆ ಫಿಶಿಂಗ್ (ಇಂಥ ಕಳ್ಳ ಮೇಲ್ ಕಳಿಸಿ ಪಾಸ್‌ವರ್ಡ್ ಕದಿಯೋ ಮೋಸ) ಅಂದ್ರೆ ಗ್ರಾಹಕನ ಹಣೆಬರಹ ಅನ್ನೋ ಹಾಗೇ ಎಲ್ಲರೂ ಒಪ್ಕೊಂಡುಬಿಟ್ಟಿದ್ರು, ಹಾಗಾಗಿ ಈ ವಾದ ಎತ್ತಿದ್ದೇ ದೊಡ್ಡ ವಿಷಯ ಅಂತ ನನಗನ್ನಿಸುತ್ತೆ.

2010ರ ಏಪ್ರಿಲಲ್ಲಿ ಆಗಿನ ಐಟಿ ಕಾರ್ಯದರ್ಶಿ ಪಿ.ಡಬ್ಲ್ಯೂ.ಸಿ. ಡೇವಿದಾರ್ ಆದೇಶ ಕೊಟ್ರು. ಬ್ಯಾಂಕ್ 12.85 ಲಕ್ಷ ರೂಪಾಯಿ ಕೊಡ್ಬೇಕು, ಅದೂ 60 ದಿನದೊಳಗೆ. ಹೋದ ದುಡ್ಡು, ಅದರ ಜೊತೆ ಓಡಾಟದ ಖರ್ಚು, ಇದರಿಂದ ಆದ ಬೇರೆ ನಷ್ಟ ಎಲ್ಲಾ ಸೇರಿ ಆ ಮೊತ್ತ. ಅನುಮತಿ ಇಲ್ಲದ ಪ್ರವೇಶ ತಡೆಯೋಕೆ ತಾನು ತಗೋಬೇಕಾದ ಎಚ್ಚರಿಕೆ ತಗೊಂಡಿದೀನಿ ಅಂತ ತೋರಿಸೋಕೆ ಬ್ಯಾಂಕ್ ಕೈಲಿ ಆಗ್ಲಿಲ್ಲ ಅನ್ನೋದು ಆದೇಶದ ತಿರುಳು. ಗಮನಿಸಿ, ಗ್ರಾಹಕ ಪಾಸ್‌ವರ್ಡ್ ಕೊಟ್ಟಿದ್ದು ನಿಜ ಅಂತ ಎಲ್ಲರೂ ಒಪ್ಪಿದ್ದೇ. ಆದ್ರೂ ಪ್ರಶ್ನೆ ಅಲ್ಲಿಗೆ ನಿಲ್ಲಲಿಲ್ಲ.

ಇಲ್ಲಿಗೆ ಕಥೆ ಸುಖಾಂತ್ಯ ಅಂತ ಬರೆದುಬಿಡಬಹುದಿತ್ತು, ಆದ್ರೆ ಹಾಗಾಗ್ಲಿಲ್ಲ. ಬ್ಯಾಂಕ್ ಮೇಲ್ಮನವಿ ಹಾಕ್ತು. ಆಗ ಇಂಥ ಮೇಲ್ಮನವಿ ಕೇಳ್ತಾ ಇದ್ದಿದ್ದು ದೆಹಲಿಯ ಸೈಬರ್ ಅಪೀಲೇಟ್ ಟ್ರಿಬ್ಯುನಲ್. 2011ರ ಮಧ್ಯದಲ್ಲಿ ಅದರ ಅಧ್ಯಕ್ಷರು ನಿವೃತ್ತಿ ಆದ್ರು, ಅವರ ಜಾಗಕ್ಕೆ ಸರ್ಕಾರ ಯಾರನ್ನೂ ಹಾಕ್ಲೇ ಇಲ್ಲ. ಒಂದು ವರ್ಷ ಎರಡು ವರ್ಷ ಅಲ್ಲ, 2017ರಲ್ಲಿ ಆ ಟ್ರಿಬ್ಯುನಲ್ಲನ್ನ ಟೆಲಿಕಾಂ ವ್ಯಾಜ್ಯ ನೋಡೋ ಟಿಡಿಸ್ಯಾಟ್ ಜೊತೆ ಸೇರಿಸೋವರೆಗೂ ಕುರ್ಚಿ ಖಾಲಿ! ದೇಶದಲ್ಲಿ ನೆಟ್ ಬ್ಯಾಂಕಿಂಗ್ ಮನೆಮನೆಗೆ ಬಂದ ವರ್ಷಗಳು ಅವು, ಅದೇ ವರ್ಷಗಳಲ್ಲಿ ಸೈಬರ್ ಮೇಲ್ಮನವಿ ಕೇಳೋಕೆ ಅಧ್ಯಕ್ಷರೇ ಇಲ್ಲ. ಕೊನೆಗೆ 2019ರ ಜನವರಿಯಲ್ಲಿ ಟಿಡಿಸ್ಯಾಟ್ ಡೇವಿದಾರ್ ಆದೇಶವನ್ನ ಎತ್ತಿಹಿಡೀತು. ಮೇಲ್ ಬಂದು ಹನ್ನೊಂದು ವರ್ಷದ ಮೇಲಾಗಿತ್ತು.

ನಮ್ಮ ರಾಜ್ಯದ ಕಥೆ ಇನ್ನೂ ಬೇಜಾರಿಂದು. ತಮಿಳುನಾಡಿನ ಆ ಆದೇಶ ಬಂದ ಮೇಲೆ ಕರ್ನಾಟಕದಲ್ಲೂ ಬ್ಯಾಂಕೊಂದರ ಮೇಲೆ ಇಂಥದೇ ದೂರು ನಮ್ಮ ಐಟಿ ಕಾರ್ಯದರ್ಶಿ ಮುಂದೆ ಬಂತು. ಇಲ್ಲಿಯ ಅಧಿಕಾರಿ ಸೆಕ್ಷನ್ 43ರಲ್ಲಿ ಹೇಳೋ ವ್ಯಕ್ತಿ ಅಂದ್ರೆ ಮನುಷ್ಯ ಮಾತ್ರ, ಕಂಪನಿಗೆ ಅದು ಅನ್ವಯಿಸಲ್ಲ ಅಂತ ಅರ್ಥ ಮಾಡಿ ದೂರನ್ನ ತಳ್ಳಿಹಾಕಿದ್ರು. ಒಂದೇ ಕೇಂದ್ರ ಕಾನೂನು, ಹೊಸೂರು ಗಡಿ ದಾಟಿದ್ರೆ ಒಂದು ಅರ್ಥ, ಈ ಕಡೆ ಇನ್ನೊಂದು ಅರ್ಥ. ಐಟಿ ರಾಜಧಾನಿ ಅಂತ ಕರೆಸ್ಕೊಳ್ಳೋ ಊರಲ್ಲಿ ಹೀಗಾಗಿದ್ದು ನನಗೆ ಇವತ್ತಿಗೂ ಸರಿ ಅನ್ನಿಸಲ್ಲ.

ಅದೇ ಮೇಲ್ ಇವತ್ತು ಬಂದ್ರೆ

ಈ ಕೇಸು ಓದಿ "ಓ ಹಾಗಾದ್ರೆ ಬ್ಯಾಂಕೇ ಕೊಡುತ್ತೆ" ಅಂತ ಧೈರ್ಯವಾಗಿ ಕೂರೋ ಹಾಗಿಲ್ಲ. ಯಾಕಂದ್ರೆ ಇವತ್ತಿನ ನಿಯಮ ಸ್ವಲ್ಪ ಬೇರೆ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ತಂತು, ಗ್ರಾಹಕನ ಅನುಮತಿ ಇಲ್ಲದೆ ನಡೆದ ಎಲೆಕ್ಟ್ರಾನಿಕ್ ವ್ಯವಹಾರದಲ್ಲಿ ನಷ್ಟ ಯಾರ ತಲೆ ಮೇಲೆ ಅನ್ನೋದನ್ನ ಅದು ಹಂಚುತ್ತೆ. ಬ್ಯಾಂಕಿನ ಕಡೆಯಿಂದ ತಪ್ಪಾಗಿದ್ರೆ ಗ್ರಾಹಕನಿಗೆ ಒಂದು ರೂಪಾಯಿ ಹೊರೆ ಇಲ್ಲ, ನೀವು ಹೇಳಿದ್ರೂ ಹೇಳದೇ ಇದ್ರೂ. ಬ್ಯಾಂಕಿಂದೂ ಅಲ್ಲ ನಿಮ್ಮದೂ ಅಲ್ಲ, ಮಧ್ಯದಲ್ಲಿ ಎಲ್ಲೋ ಸೋರಿಕೆ ಆಗಿದೆ ಅಂದ್ರೆ ಬ್ಯಾಂಕಿಂದ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದ್ರೆ ಆಗಲೂ ಹೊರೆ ಇಲ್ಲ, ನಾಲ್ಕರಿಂದ ಏಳು ದಿನ ಅಂದ್ರೆ ಮಾಮೂಲಿ ಸೇವಿಂಗ್ಸ್ ಅಕೌಂಟಿಗೆ ಹೆಚ್ಚೆಂದ್ರೆ 10,000 ರೂಪಾಯಿ ನಿಮ್ಮ ಪಾಲು, ಏಳು ದಿನ ದಾಟಿದ್ರೆ ಆ ಬ್ಯಾಂಕಿನ ಪಾಲಿಸಿ ಏನಿದೆಯೋ ಅದು. ಆದ್ರೆ ನೀವೇ ಪಾಸ್‌ವರ್ಡೋ ಓಟಿಪಿಯೋ ಕೊಟ್ಟಿದ್ರೆ ಅದನ್ನ ಗ್ರಾಹಕನ ನಿರ್ಲಕ್ಷ್ಯ ಅಂತ ಲೆಕ್ಕ ಹಾಕ್ತಾರೆ, ಬ್ಯಾಂಕಿಗೆ ತಿಳಿಸೋವರೆಗೆ ಆದ ನಷ್ಟ ಪೂರ್ತಿ ನಿಮ್ಮದು.

ತಿಳಿಸೋವರೆಗೆ, ಅದು ಮುಖ್ಯ. ತಿಳಿಸಿದ ಕ್ಷಣದಿಂದ ಮುಂದೆ ಏನು ಹೋದ್ರೂ ಅದು ಬ್ಯಾಂಕಿನ ಜವಾಬ್ದಾರಿ. ಹಾಗಾಗಿ ಮೋಸ ಹೋದೆ ಅಂತ ಗೊತ್ತಾದಾಗ ನಾಚಿಕೆ ಪಡ್ತಾ ಕೂತ್ರೆ ಅದು ನಿಮ್ಮ ಜೇಬಿಗೇ ಕತ್ತರಿ. ಇನ್ನೊಂದು, ಗ್ರಾಹಕನದೇ ತಪ್ಪು ಅಂತ ಸಾಬೀತು ಮಾಡ್ಬೇಕಾಗಿರೋದು ಬ್ಯಾಂಕು ಅಂತ ಅದೇ ಸುತ್ತೋಲೆಯಲ್ಲಿದೆ. ಬ್ರಾಂಚಲ್ಲಿ "ನೀವೇ ಏನೋ ಒತ್ತಿರ್ಬೇಕು ಸರ್" ಅಂತ ಹೇಳಿ ಕಳಿಸಿದ್ರೆ ಅದು ಸಾಬೀತು ಅಲ್ಲ, ಬರವಣಿಗೆಯಲ್ಲಿ ಕೇಳಿ.

ಕಳ್ಳರೂ ಬದಲಾಗಿದಾರೆ. 2007ರಲ್ಲಿ ಪಾಸ್‌ವರ್ಡ್ ಸಿಕ್ಕಿದ್ರೆ ಸಾಕಿತ್ತು, ಈಗ ಓಟಿಪಿ ಇದೆಯಲ್ಲ ಅಂತ ನಾವು ನಿರಾಳ ಆಗಿದೀವಿ. ಆದ್ರೆ ಈಗಿನ ಫಿಶಿಂಗ್ ಪೇಜುಗಳು ಅದಕ್ಕೆ ಹೊಂದ್ಕೊಂಡಿವೆ. ಮೇಲ್‌ನಲ್ಲಿರೋ ಲಿಂಕ್ ಒತ್ತಿದ್ರೆ ಬ್ಯಾಂಕಿನ ಥರಾನೇ ಪೇಜ್, ನೀವು ಯೂಸರ್ ಐಡಿ ಪಾಸ್‌ವರ್ಡ್ ಹಾಕ್ತೀರಿ, ಆ ಕಡೆ ಅವರು ಅದೇ ಹೊತ್ತಿಗೆ ನಿಜವಾದ ಬ್ಯಾಂಕ್ ಸೈಟಲ್ಲಿ ಅದನ್ನ ಹಾಕ್ತಾರೆ, ನಿಜವಾದ ಬ್ಯಾಂಕಿಂದ ನಿಮ್ಮ ಫೋನಿಗೆ ನಿಜವಾದ ಓಟಿಪಿ ಬರುತ್ತೆ, ಕಳ್ಳ ಪೇಜ್ ಅದನ್ನೂ ಕೇಳುತ್ತೆ, ಓಟಿಪಿ ನಿಜ್ವಾಗ್ಲೂ ಬ್ಯಾಂಕಿಂದೇ ಬಂದಿದೆಯಲ್ಲ ಅಂತ ನಂಬಿ ನೀವು ಹಾಕ್ತೀರಿ, ಮುಗೀತು. ಆ ಓಟಿಪಿ ಮೆಸೇಜಲ್ಲೇ ಬಹಳ ಸಲ ಬರೆದಿರುತ್ತೆ, ಇದು ಇಷ್ಟು ಮೊತ್ತದ ಟ್ರಾನ್ಸ್‌ಫರ್‌ಗೆ, ಅಥವಾ ಹೊಸ ಬೆನಿಫಿಷಿಯರಿ (ದುಡ್ಡು ತಗೊಳ್ಳೋ ಅಕೌಂಟಿನೋರು) ಸೇರಿಸೋಕೆ ಅಂತ. ನಾವು ಆರು ಅಂಕಿ ಮಾತ್ರ ನೋಡಿ ಉಳಿದಿದ್ದು ಓದಲ್ಲ. ದಯವಿಟ್ಟು ಆ ಮೆಸೇಜನ್ನ ಪೂರ್ತಿ ಓದೋ ಅಭ್ಯಾಸ ಮಾಡ್ಕೊಳ್ಳಿ, ಕೆವೈಸಿ ಅಪ್‌ಡೇಟ್ ಮಾಡ್ತಿದೀನಿ ಅಂತ ನೀವು ಅಂದ್ಕೊಂಡಿರುವಾಗ ಮೆಸೇಜಲ್ಲಿ ಬೆನಿಫಿಷಿಯರಿ ಅಂತ ಇದ್ರೆ ಅಲ್ಲೇ ನಿಲ್ಲಿಸಬಹುದು.

ಅಸಲಿ ನಕಲಿ ಗುರುತು ಹಿಡಿಯೋ ವಿಷಯದಲ್ಲಿ ಒಂದು ಒಳ್ಳೇ ಬದಲಾವಣೆ ಬಂದಿದೆ, ಇದು ತೂತ್ತುಕುಡಿ ಕೇಸಿನ ಮೂಲ ಪ್ರಶ್ನೆಗೇ ತಡವಾಗಿ ಬಂದ ಉತ್ತರ ಅಂತ ನಾನು ನೋಡ್ತೀನಿ. 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಭಾರತದ ಬ್ಯಾಂಕುಗಳಿಗೆ ಅಂತಲೇ "ಡಾಟ್ ಬ್ಯಾಂಕ್ ಡಾಟ್ ಇನ್" (.bank.in) ಅನ್ನೋ ಡೊಮೇನ್, ಅಂದ್ರೆ ವೆಬ್ ವಿಳಾಸದ ಕೊನೆಯ ಭಾಗ, ಪ್ರಕಟಿಸ್ತು. ರಿಸರ್ವ್ ಬ್ಯಾಂಕೇ ಕಟ್ಟಿದ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ ಒಂದೇ ಅದನ್ನ ನೋಂದಣಿ ಮಾಡ್ಕೊಡೋದು, 2025ರ ಅಕ್ಟೋಬರ್ 31ರೊಳಗೆ ಎಲ್ಲಾ ಬ್ಯಾಂಕು ಅದಕ್ಕೆ ಬರ್ಬೇಕು ಅಂತ ಗಡುವೂ ಕೊಟ್ಟಿತ್ತು. ಡಾಟ್ ಕಾಮ್ ಯಾರು ಬೇಕಾದ್ರೂ ಕೆಲವು ನೂರು ರೂಪಾಯಿಗೆ ತಗೋಬಹುದು, ಇದನ್ನ ಹಾಗೆ ತಗೊಳ್ಳೋಕೆ ಆಗಲ್ಲ.

ಆದ್ರೆ ಅದನ್ನ ಓದೋದು ಹೇಗೆ ಅಂತ ಗೊತ್ತಿರ್ಬೇಕು. ಬ್ರೌಸರಿನ ಅಡ್ರೆಸ್‌ನಲ್ಲಿ ಶುರುವಿನ ಎರಡು ಓರೆ ಗೀಟು (//) ಆದ್ಮೇಲೆ ಬರೋ ಮೊದಲ ಓರೆ ಗೀಟಿನವರೆಗೆ (/) ಮಾತ್ರ ನೋಡಿ, ಅದರ ಕೊನೆಯಿಂದ ಹಿಂದಕ್ಕೆ ಓದಿ. ಕೊನೆಯಲ್ಲಿ ಡಾಟ್ ಬ್ಯಾಂಕ್ ಡಾಟ್ ಇನ್ ಇರ್ಬೇಕು, ಬ್ಯಾಂಕ್ ಅನ್ನೋದಕ್ಕೆ ಮೊದ್ಲೂ ಚುಕ್ಕಿ ಇರ್ಬೇಕು. ಬ್ಯಾಂಕ್ ಡಾಟ್ ಇನ್ ಅಂತ ಮಧ್ಯದಲ್ಲಿ ಬಂದು ಆಮೇಲೆ ಡಾಟ್ ಅಪ್‌ಡೇಟ್ ಡಾಟ್ ಕಾಮ್ ಥರ ಏನೋ ಬಾಲ ಇದ್ರೆ ಅದು ಬ್ಯಾಂಕೇ ಅಲ್ಲ, ಆ ಬಾಲದ ಯಜಮಾನಂದು. ಇನ್ನು ಅಕ್ಷರದ ಮೋಸ ಬೇರೆ, ಇಂಗ್ಲಿಷ್ ದೊಡ್ಡ ಐ ಮತ್ತು ಸಣ್ಣ ಎಲ್ ಫೋನಲ್ಲಿ ಒಂದೇ ಕಡ್ಡಿ ಥರ ಕಾಣುತ್ತೆ, ಆರ್ ಮತ್ತು ಎನ್ ಪಕ್ಕ ಪಕ್ಕ ಬರೆದ್ರೆ ಎಮ್ ಥರ. ಬೀಗದ ಚಿಹ್ನೆ ಇದೆ ಅಂತ ನಂಬೋದನ್ನ ಬಿಟ್ಟುಬಿಡಿ, ಅದು ಮಧ್ಯದಲ್ಲಿ ಯಾರೂ ಕದ್ದು ಓದಲ್ಲ ಅಂತ ಮಾತ್ರ ಹೇಳುತ್ತೆ, ಆ ಕಡೆ ಕೂತಿರೋನು ಯಾರು ಅಂತ ಹೇಳಲ್ಲ, ಕಳ್ಳನಿಗೂ ಆ ಬೀಗ ಬಿಟ್ಟಿ ಸಿಗುತ್ತೆ. ಮೇಲ್‌ನಲ್ಲೂ ಅಷ್ಟೆ, ಫೋನಿನ ಆ್ಯಪಲ್ಲಿ ಕಾಣೋದು ಬರೀ ಹೆಸರು, ಆ ಹೆಸರಿನ ಮೇಲೆ ಒತ್ತಿದ್ರೆ ನಿಜವಾದ ವಿಳಾಸ ಕೆಳಗೆ ಬಿಚ್ಕೊಳ್ಳುತ್ತೆ, ಹೆಸರು ಬ್ಯಾಂಕಿಂದು ವಿಳಾಸ ಯಾವುದೋ ಜೀಮೇಲು ಅನ್ನೋದು ಒಂದೇ ಕ್ಷಣಕ್ಕೆ ಗೊತ್ತಾಗುತ್ತೆ.

ಇಷ್ಟೆಲ್ಲಾ ಪರೀಕ್ಷೆ ಪ್ರತಿ ಮೇಲ್‌ಗೂ ಯಾರು ಮಾಡ್ತಾರೆ ಅಂತೀರಾ? ನಿಜ, ಕೆಲಸದ ಒತ್ತಡದಲ್ಲಿ, ಬಸ್ಸಲ್ಲಿ ನಿಂತ್ಕೊಂಡು ಮೇಲ್ ನೋಡೋವಾಗ ಆಗಲ್ಲ. ಅದಕ್ಕೇ ನಾನು ನನ್ನ ಮನೆಯೋರಿಗೆಲ್ಲಾ ಹೇಳಿರೋದು ಇಷ್ಟೇ, ಬ್ಯಾಂಕ್ ವಿಷಯದ ಮೇಲ್ ಬಂದ್ರೆ ಓದಿ, ಮುಚ್ಚಿ, ಆಮೇಲೆ ಬ್ಯಾಂಕಿನ ಆ್ಯಪನ್ನ ನೀವೇ ತೆಗೆದು ಒಳಗೆ ನೋಡಿ. ನಿಜವಾಗ್ಲೂ ಕೆವೈಸಿ ಬಾಕಿ ಇದ್ರೆ ಅಲ್ಲೂ ಗೊತ್ತಾಗುತ್ತೆ, ಇಲ್ಲಾಂದ್ರೆ ಬ್ರಾಂಚಿಗೆ ಫೋನ್ ಮಾಡಿ. ಮೇಲ್‌ನಲ್ಲಿರೋ ಲಿಂಕಿಂದ ಬ್ಯಾಂಕಿಗೆ ಹೋಗ್ಲೇಬಾರ್ದು, ಅದು ಅಸಲಿ ಮೇಲ್ ಆಗಿದ್ರೂ. ಪಾಸ್‌ವರ್ಡ್ ಮ್ಯಾನೇಜರ್ ಬಳಸೋರಿಗೆ ಇನ್ನೊಂದು ಲಾಭ ಇದೆ, ಅದು ಪಾಸ್‌ವರ್ಡನ್ನ ಸೈಟಿನ ವಿಳಾಸದ ಜೊತೆ ಕಟ್ಟಿ ಇಟ್ಟಿರುತ್ತೆ, ಕಳ್ಳ ಪೇಜಲ್ಲಿ ತಾನಾಗಿ ತುಂಬಲ್ಲ. ಯಾವತ್ತೂ ತುಂಬೋದು ಇವತ್ತು ಯಾಕೆ ತುಂಬ್ತಿಲ್ಲ ಅನ್ನಿಸಿದ್ರೆ ಅದೇ ಎಚ್ಚರಿಕೆ. ನಮ್ಮ ಕಣ್ಣು ಮೋಸ ಹೋಗುತ್ತೆ, ಸಾಫ್ಟ್‌ವೇರ್ ಅಕ್ಷರ ಅಕ್ಷರ ಹೋಲಿಸುತ್ತೆ.

ಈಮೇಲ್ ಅಕೌಂಟನ್ನೇ ಕಾಯ್ಕೊಳ್ಳೋದನ್ನ ಜನ ಮರೀತಾರೆ. ನಿಮ್ಮ ಮೇಲ್ ಒಳಗೆ ಯಾರಾದ್ರೂ ಕೂತಿದ್ರೆ ಸ್ಟೇಟ್‌ಮೆಂಟ್, ಪಾಸ್‌ವರ್ಡ್ ರೀಸೆಟ್ ಲಿಂಕ್, ಕೆಲವು ಕಡೆ ಓಟಿಪಿ ಕೂಡ ಅವರ ಕೈಗೇ. ಟೂ ಸ್ಟೆಪ್ ವೆರಿಫಿಕೇಶನ್ ಹಾಕಿ, ಅದು ಹಾಕಿದ್ಮೇಲೆ ಸೆಟ್ಟಿಂಗ್ಸಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಅಂತ ಇರೋ ಜಾಗ ಒಂದ್ಸಲ ತೆಗೆದು ನೋಡಿ. ಬ್ಯಾಂಕಿಂದ ಬರೋ ಮೇಲ್ ಬಂದ ಕೂಡ್ಲೇ ಡಿಲೀಟ್ ಆಗೋ ಹಾಗೆ ಅಥವಾ ಬೇರೆ ಯಾರಿಗೋ ಹೋಗೋ ಹಾಗೆ ಫಿಲ್ಟರ್ ಹಾಕಿಟ್ಟು ಹೋಗೋದು ಹಳೇ ಕೈಚಳಕ, ಪಾಸ್‌ವರ್ಡ್ ಬದಲಾಯಿಸಿದ್ರೂ ಆ ಫಿಲ್ಟರ್ ಹಾಗೇ ಉಳೀಬಹುದು, ಅಲರ್ಟ್ ನಿಮಗೆ ಕಾಣೋದೇ ಇಲ್ಲ.

ಇನ್ನು ಗಲ್ಫ್‌ನಲ್ಲಿರೋ ನಮ್ಮೋರಿಗೆ. ಮಂಗಳೂರು, ಉಡುಪಿ, ಭಟ್ಕಳ ಕಡೆಯಿಂದ ದುಬೈ, ಅಬುಧಾಬಿ, ಕತಾರ್ ಹೋಗಿರೋರು ಎಷ್ಟು ಜನ, ಅವರ ಎನ್‌ಆರ್‌ಇ (ಎನ್ನಾರೈಗಳಿಗೆ ಅಂತ ಇರೋ) ಅಕೌಂಟಲ್ಲಿ ವರ್ಷಗಟ್ಟಲೆ ದುಡಿದ ದುಡ್ಡು ಇರುತ್ತೆ. ಆ ಎನ್ನಾರೈಗೆ ಆಗಿದ್ದು ಇವರಿಗೆ ಆಗೋದು ಬಹಳ ಸುಲಭ, ಯಾಕಂದ್ರೆ ಬ್ರಾಂಚಿಗೆ ಹೋಗಿ ಕೇಳೋ ಹಾಗಿಲ್ಲ, ಬ್ಯಾಂಕಿನ ಜೊತೆ ಸಂಪರ್ಕವೇ ಮೇಲು, ಫೋನು. ಅಕೌಂಟಿಗೆ ಜೋಡಿಸಿರೋ ಊರಿನ ಸಿಮ್ ಎಲ್ಲೋ ಡ್ರಾಯರಲ್ಲಿ ರೀಚಾರ್ಜ್ ಇಲ್ಲದೆ ಬಿದ್ದಿರುತ್ತೆ, ಡೆಬಿಟ್ ಮೆಸೇಜ್ ಬಂದ್ರೂ ಯಾರೂ ನೋಡಲ್ಲ. ರೋಮಿಂಗಲ್ಲಿ ಆ ಸಿಮ್ ಜೀವಂತ ಇರ್ಲಿ, ಇಲ್ಲಾಂದ್ರೆ ಬ್ಯಾಂಕಿಗೆ ಹೇಳಿ ಅಲ್ಲಿಯ ನಂಬರ್ ಹಾಕಿಸಿ. ಅದಕ್ಕಿಂತ ಮುಖ್ಯ, ಬೇರೆಯವರ ಅಕೌಂಟಿಗೆ ಕಳಿಸೋ ದಿನದ ಮಿತಿಯನ್ನ ನಿಮಗೆ ಎಷ್ಟು ಬೇಕೋ ಅಷ್ಟಕ್ಕೆ ಇಳಿಸಿ. ತಿಂಗಳಿಗೆ ಮನೆಗೆ ಐವತ್ತು ಸಾವಿರ ಕಳಿಸೋನಿಗೆ ಹತ್ತು ಲಕ್ಷದ ಮಿತಿ ಯಾಕೆ? ಆ ಮಿತಿ ಕಡಿಮೆ ಇದ್ದಿದ್ರೆ 6.46 ಲಕ್ಷ ಅಷ್ಟು ಸುಲಭವಾಗಿ ಹೋಗೋ ಹಾಗೇ ಇರ್ಲಿಲ್ಲ. ದೊಡ್ಡ ಮೊತ್ತವನ್ನ ಎಫ್‌ಡಿಯಲ್ಲಿ ಇಡೋರು ಅದನ್ನ ಆನ್‌ಲೈನಲ್ಲೇ ಮುರಿಯೋಕೆ ಆಗುತ್ತಾ ಅಂತಲೂ ಕೇಳ್ಕೊಳ್ಳಿ, ಆಗುತ್ತೆ ಅಂದ್ರೆ ಒಳಗೆ ನುಗ್ಗಿದೋನಿಗೂ ಆಗುತ್ತೆ.

ಮತ್ತೆ ಈಗ ನೆಫ್ಟ್, ಆರ್‌ಟಿಜಿಎಸ್ ಮಾಡೋಕೆ ಮೊದಲು ದುಡ್ಡು ಯಾರ ಹೆಸರಿನ ಅಕೌಂಟಿಗೆ ಹೋಗ್ತಿದೆ ಅಂತ ತೋರಿಸೋ ವ್ಯವಸ್ಥೆ ಇದೆ, 2025ರ ಏಪ್ರಿಲ್ ಒಂದರೊಳಗೆ ಬ್ಯಾಂಕುಗಳು ಅದನ್ನ ತರ್ಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಪರಿಚಯದ ವ್ಯಾಪಾರಿಯಿಂದಲೇ ಬಂದ ಹಾಗೆ "ನಮ್ಮ ಅಕೌಂಟ್ ನಂಬರ್ ಬದಲಾಗಿದೆ, ಇನ್ಮೇಲೆ ಇದಕ್ಕೆ ಹಾಕಿ" ಅಂತ ಬರೋ ಮೇಲ್‌ಗಳಿಗೆ ಇದೇ ಮದ್ದು, ಹೆಸರು ನೋಡಿ, ಹೊಂದದೇ ಇದ್ರೆ ಹಳೇ ನಂಬರಿಗೆ ಫೋನ್ ಮಾಡಿ ಕೇಳಿ.

ಆಗಿಹೋಗಿದ್ರೆ

ಇಷ್ಟಾದ್ರೂ ಆಗಿಹೋಯ್ತು ಅಂತಿಟ್ಕೊಳ್ಳಿ. ಮೊದಲ ಕೆಲಸ ಬ್ಯಾಂಕಿನ ಆ್ಯಪಲ್ಲೋ ಹೆಲ್ಪ್‌ಲೈನಲ್ಲೋ ನೆಟ್ ಬ್ಯಾಂಕಿಂಗ್ ಬ್ಲಾಕ್ ಮಾಡ್ಸಿ ದೂರಿನ ನಂಬರ್ ತಗೊಳ್ಳೋದು, ಅದರ ಬೆನ್ನಲ್ಲೇ ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್. ಹೊರದೇಶದಲ್ಲಿದ್ರೆ ಊರಲ್ಲಿರೋ ಮನೆಯೋರ ಕೈಲಿ ಮಾಡಿಸಿ. 1930 ಬರೀ ದೂರು ಬರ್ಕೊಳ್ಳೋ ನಂಬರ್ ಅಲ್ಲ, ಅಲ್ಲಿ ಕೊಟ್ಟ ಮಾಹಿತಿ ದುಡ್ಡು ತಗೊಂಡ ಬ್ಯಾಂಕಿಗೆ ಹೋಗಿ, ದುಡ್ಡು ಇನ್ನೂ ಅಲ್ಲೇ ಇದ್ರೆ ತಡೆದು ನಿಲ್ಲಿಸೋಕೆ ಆಗುತ್ತೆ. ತೂತ್ತುಕುಡಿ ಕೇಸಲ್ಲೂ ಎಲ್ಲಾ ದುಡ್ಡು ಹೊರಗೆ ಹೋಗಿರ್ಲಿಲ್ಲ ನೋಡಿ, ಒಂದು ಭಾಗ ಆ ಅಕೌಂಟಲ್ಲೇ ಉಳಿದಿತ್ತು. ಆಗ ಇಂಥ ಒಂದು ನಂಬರ್ ಇದ್ದಿದ್ರೆ, ಬೇಗ ಗೊತ್ತಾಗಿದ್ರೆ, ಹೊರಗೆ ಹೋಗಿದ್ದೂ ಸಿಗ್ತಿತ್ತೇನೋ.

ಆ ಮೇಲನ್ನ ಮಾತ್ರ ಡಿಲೀಟ್ ಮಾಡ್ಬೇಡಿ. ಸಿಟ್ಟಲ್ಲಿ, ನಾಚಿಕೇಲಿ ಅಳಿಸಿಬಿಡ್ತಾರೆ, ಆದ್ರೆ ಅದೇ ಸಾಕ್ಷಿ. ಜೀಮೇಲಲ್ಲಿ ಕಂಪ್ಯೂಟರಿಂದ ತೆಗೆದ್ರೆ ಮೂರು ಚುಕ್ಕಿ ಒತ್ತಿದಾಗ ಮೂಲ ಮೇಲ್ ತೋರಿಸೋ ಆಯ್ಕೆ ಬರುತ್ತೆ, ಅದನ್ನ ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ, ಯಾವ ಸರ್ವರಿಂದ ಹೊರಟು ಹೇಗೆ ಬಂತು ಅನ್ನೋದೆಲ್ಲಾ ಅದರಲ್ಲಿರುತ್ತೆ, ಸ್ಕ್ರೀನ್‌ಶಾಟಲ್ಲಿ ಇರಲ್ಲ.

ಬ್ಯಾಂಕಿಗೆ ಲಿಖಿತ ದೂರು ಕೊಡೋವಾಗ ನಾನು ಈ ಕೇಸಿಂದ ಕಲಿತಿದ್ದನ್ನೇ ಹೇಳ್ಕೊಡ್ತೀನಿ. "ನನಗೆ ಮೋಸ ಆಗಿದೆ, ದಯವಿಟ್ಟು ಸಹಾಯ ಮಾಡಿ" ಅಂತ ಮಾತ್ರ ಬರೀಬೇಡಿ. ಪ್ರಶ್ನೆ ಕೇಳಿ. ಆ ಲಾಗಿನ್ ಯಾವ ಜಾಗದಿಂದ, ಯಾವ ಸಾಧನದಿಂದ ಆಗಿತ್ತು? ಹೊಸ ಸಾಧನ ಆಗಿದ್ರೆ ಬ್ಯಾಂಕ್ ಏನು ಹೆಚ್ಚುವರಿ ಪರೀಕ್ಷೆ ಮಾಡ್ತು? ಬೆನಿಫಿಷಿಯರಿ ಸೇರಿಸಿದ ಎಷ್ಟು ಹೊತ್ತಿಗೆ ದುಡ್ಡು ಹೋಯ್ತು, ನನಗೆ ಅಲರ್ಟ್ ಯಾವ ಸಮಯಕ್ಕೆ ಬಂತು? ದುಡ್ಡು ತಗೊಂಡ ಅಕೌಂಟಿನ ಕೆವೈಸಿ ಸರಿ ಇತ್ತಾ? ಈ ಉತ್ತರಗಳು ಬ್ಯಾಂಕಿನ ಹತ್ರ ಇದ್ದೇ ಇರುತ್ತೆ. 2026ರ ಏಪ್ರಿಲ್ ಒಂದರಿಂದ ಜಾರಿ ಅಂತ ರಿಸರ್ವ್ ಬ್ಯಾಂಕ್ ಹೊರಡಿಸಿರೋ ದೃಢೀಕರಣದ ನಿರ್ದೇಶನದಲ್ಲಂತೂ, ಎರಡು ಹಂತದ ಪರೀಕ್ಷೆಯ ನಿಯಮ ಪಾಲಿಸದೇ ಇದ್ದಿದ್ದಕ್ಕೆ ಗ್ರಾಹಕನಿಗೆ ನಷ್ಟ ಆದ್ರೆ ಬ್ಯಾಂಕ್ ಪೂರ್ತಿ ತುಂಬಿಕೊಡ್ಬೇಕು ಅಂತಿದೆ, ಹಾಗಾಗಿ ಈ ಪ್ರಶ್ನೆಗಳಿಗೆ ಈಗ ಇನ್ನೂ ಬಲ ಬಂದಿದೆ.

ದೂರು ಕೊಟ್ಟ ಹತ್ತು ಕೆಲಸದ ದಿನದೊಳಗೆ ಆ ಮೊತ್ತವನ್ನ ತಾತ್ಕಾಲಿಕವಾಗಿ ಅಕೌಂಟಿಗೆ ಹಾಕ್ಬೇಕು, 90 ದಿನದೊಳಗೆ ತೀರ್ಮಾನ ಮಾಡ್ಬೇಕು ಅಂತ 2017ರ ಸುತ್ತೋಲೆಯಲ್ಲಿದೆ, ಬ್ರಾಂಚಲ್ಲಿ ಗೊತ್ತಿಲ್ಲ ಅಂದ್ರೆ ತಾರೀಕು ಸಮೇತ ಹೇಳಿ. 30 ದಿನದಲ್ಲಿ ಉತ್ತರ ಬರ್ಲಿಲ್ಲ, ಅಥವಾ ಬಂದ ಉತ್ತರ ಸಮಾಧಾನ ಇಲ್ಲ ಅಂದ್ರೆ ಬ್ಯಾಂಕುಗಳ ಮೇಲಿನ ದೂರು ಕೇಳೋ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ ಹತ್ರ ಸಿಎಂಎಸ್ ಅನ್ನೋ ಆನ್‌ಲೈನ್ ಪೋರ್ಟಲಲ್ಲಿ ದೂರು ಹಾಕಬಹುದು, ಅದಕ್ಕೆ ಫೀಸಿಲ್ಲ, ಲಾಯರ್ ಬೇಕಿಲ್ಲ. ಮೊತ್ತ ದೊಡ್ಡದು, ಬ್ಯಾಂಕಿನ ಲೋಪ ಎದ್ದು ಕಾಣ್ತಿದೆ ಅಂದ್ರೆ ಐಟಿ ಕಾರ್ಯದರ್ಶಿ ಮುಂದೆ ಹೋಗೋ ದಾರಿಯೂ ಇದೆ, ಕರ್ನಾಟಕದಲ್ಲಿ ಅದು ಐಟಿ ಬಿಟಿ ಇಲಾಖೆಯಲ್ಲಿ. ಅಲ್ಲಿಗೆ ಹೋಗೋರು ಟಿಡಿಸ್ಯಾಟ್‌ನ 2019ರ ಜನವರಿ ತೀರ್ಪಿನ ಪ್ರತಿಯನ್ನ ದೂರಿನ ಜೊತೆ ಲಗತ್ತಿಸಿ.